ಬೆಣ್ಣೆಯಂಥ ಮಣ್ಣು

ರುದ್ರಮ್ಮ ಹಿತ್ತಲ ಬಾಗಿಲಿಗೆ ಅಗಣಿ ಹಾಕಿದಳು. ಅದು ಸಾಲದೆಂದು ಮೂಲೆಯಲ್ಲಿದ್ದ ಒನಕೆ ತಂದು ಅಡ್ಡ ಕೊಟ್ಟಳು. ನಡುಮನೆಯಲ್ಲಿ ಅತ್ತೆ ಗುರುಸಿದ್ದಮ್ಮನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಕೋಳಿ ಕೂಗುವ ಹೊತ್ತಿಗೆ ಮುದುಕಿಯ ಉಸಿರು ನಿಂತಿತ್ತು, ಹೊತ್ತು ಮಾರುದ್ದ ಏರುವಷ್ಟರಲ್ಲಿ ಜಗಲಿಯ ಮೇಲೆ ಹತ್ತು ಹನ್ನೆರಡು ಜನ ಸೇರಿದ್ದರು. ಸಾವಿನ ಮನೆಗೆ ಬಂದವರು ಮೊದಲು ಅಳುತ್ತಾರೆ, ಆಮೇಲೆ ಮೂಗು ಒರೆಸಿಕೊಂಡು ಸುತ್ತ ನೋಡುತ್ತಾರೆ. ಆ ಎರಡನೆಯ ಕೆಲಸಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ.

ಹಿತ್ತಲಲ್ಲಿ ಗುರುಸಿದ್ದಮ್ಮನ ಹೂವಿನ ಗಿಡಗಳಿದ್ದವು. ಸುತ್ತ ಎಂಟು ಹಳ್ಳಿಗೆ ಹೆಸರಾದ ಗಿಡಗಳು. ಅಷ್ಟೂ ಈಗ ಒಣಗಿ ಕಡ್ಡಿಯಾಗಿದ್ದವು. ಇಪ್ಪತ್ತನಾಲ್ಕು ದಿನದಿಂದ ರುದ್ರಮ್ಮ ಅವಕ್ಕೆ ಒಂದು ತಂಬಿಗೆ ನೀರು ಹೊಯ್ದಿರಲಿಲ್ಲ. ಆ ಇಪ್ಪತ್ತನಾಲ್ಕು ದಿನವೂ, ಹಾಸಿಗೆ ಹಿಡಿದ ಅತ್ತೆಗೆ, ಹೊಯ್ದೆ ಎಂದೇ ಹೇಳಿಕೊಂಡು ಬಂದಿದ್ದಳು.

ಈ ಗುಟ್ಟು ಬಲ್ಲವಳು ಪಕ್ಕದ ಮನೆಯ ಮಹಾದೇವಮ್ಮ ಒಬ್ಬಳೇ. ಅವಳು ಬಂದವಳೇ ಬಾಗಿಲಿಗೆ ಕೊಟ್ಟ ಒನಕೆ ನೋಡಿದಳು, ರುದ್ರಮ್ಮನ ಮುಖ ನೋಡಿದಳು. ನೀರಿನ ನೆಪದಲ್ಲಿ ಯಾರೂ ಹಿತ್ತಲ ಬಾವಿ ಕಡೆ ಹೋಗುವುದು ಬೇಡ, ಇವತ್ತಿಗೆ ಬೇಕಾದಷ್ಟನ್ನು ತನ್ನ ಮನೆಯಿಂದಲೇ ಹೊರಿಸುತ್ತೇನೆ ಎಂದು ಪಿಸುಗುಟ್ಟಿ ಹೋದಳು. ಹಿತ್ತಲಿಗೆ ಮನೆಯೊಳಗಿಂದಲ್ಲದೆ ದಾರಿಯಿರಲಿಲ್ಲ. ಮೂರು ಕಡೆಯೂ ಆಳೆತ್ತರದ ಕಳ್ಳಿಬೇಲಿ. ರುದ್ರಮ್ಮನ ಗಂಡ ಚನ್ನಮಲ್ಲಪ್ಪ ಹದಿನೈದು ದಿನ ಹಾಸನದ ಕಡೆ ಬಾಡಿಗೆ ಗಾಡಿ ಹೊಡೆದು ಹಿಂದಿನ ಸಂಜೆಯಷ್ಟೇ ಬಂದಿದ್ದ. ಹೋಗುವ ಮುಂಚೆಯಾದರೂ ಅವನ ಕಣ್ಣಿಗೆ ಎತ್ತು ಕಂಡೀತೇ ಹೊರತು ಗಿಡ ಎಂದೂ ಕಂಡದ್ದಿಲ್ಲ. ಒಂದು ಹಗಲು ಹೇಗಾದರೂ ಕಳೆದುಬಿಟ್ಟರೆ, ಆಮೇಲೆ ಬಿಸಿಲಿನ ಮೇಲೆ ಹಾಕಿ ಪಾರಾಗಬಹುದು ಎಂಬುದು ರುದ್ರಮ್ಮನ ಲೆಕ್ಕಾಚಾರ.

ಅವಳಿಗೆ ಭಯವಿದ್ದದ್ದು ಒಬ್ಬಳದೇ. ಗಂಡನ ಅಕ್ಕ ವಿಶಾಲಾಕ್ಷಮ್ಮನದು. ಕೊಡ್ಲಿಪೇಟೆಗೆ ಕೊಟ್ಟ ಹೆಣ್ಣು. ನಾಲಿಗೆಗೆ ಎಲುಬಿಲ್ಲದವಳೆಂದು ಎರಡೂ ಊರಿನಲ್ಲಿ ಹೆಸರು. ಅವಳ ಗಾಡಿ ಬಾಗಿಲಿಗೆ ಬಂದಾಗ ಹತ್ತು ಗಂಟೆಯ ಬಿಸಿಲು. ತಾಯಿಯ ಕಾಲ ಮೇಲೆ ಬಿದ್ದು ಗೋಳಾಡಿ ಅತ್ತಳು. ಅತ್ತು ಎದ್ದವಳು ಮೊದಲು ಕೇಳಿದ್ದೇ ಹೂವನ್ನು. ಸಂತೆಗೆ ಹೇಳಿ ಕಳಿಸಿದೆ, ಇವತ್ತು ಶನಿವಾರ, ಹೇಗೂ ಸಿಗುತ್ತದೆ ಎಂದು ಮಹಾದೇವಮ್ಮನೇ ಅಡ್ಡ ಬಾಯಿ ಹಾಕಿದಳು.

“ಇಡೀ ಸೀಮೆಗೆ ಹೂವು ಬೆಳೆದವಳ ಮನೆಗೆ ಸಂತೆ ಹೂವಾ?” ಎಂದಳು ವಿಶಾಲಾಕ್ಷಮ್ಮ.

ಬಿಸಿಲಿಗೆ ನಿಂತ ಹೂವೆಲ್ಲ ಉದುರುತ್ತಿದೆ, ಮಾಲೆ ಕಟ್ಟುವಷ್ಟು ಸಿಗುವುದಿಲ್ಲ ಎಂದು ಮಹಾದೇವಮ್ಮ ಹೇಳಿದಳು. ಮಾತು ಸುಳ್ಳೂ ಅಲ್ಲ, ನಿಜವೂ ಅಲ್ಲ. ವಿಶಾಲಾಕ್ಷಮ್ಮ ಅರೆಮನಸ್ಸಿನಿಂದ ಹೂಂ ಎಂದು ತಾಯಿಯ ತಲೆ ಬಾಚಲು ಕೂತಳು.

*

ಗುರುಸಿದ್ದಮ್ಮ ಆ ಮನೆಗೆ ಬಂದದ್ದು ಹನ್ನೊಂದನೆಯ ವರ್ಷದಲ್ಲಿ. ತವರಿನಿಂದ ಒಂದು ಟ್ರಂಕು, ಒಂದು ಕಂಚಿನ ತಟ್ಟೆ, ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ಕಡ್ಡಿ ತಂದಿದ್ದಳು. ಕಡ್ಡಿಯನ್ನು ಬಾವಿ ಬದಿಗೆ ನೆಟ್ಟಳು. ಅದು ಹಬ್ಬಿ ಮೈತುಂಬ ಹೂ ಬಿಡುವ ಕಾಲಕ್ಕೆ ಗಂಡ ತೀರಿಕೊಂಡಿದ್ದ. “ಮುಡಿಯೋ ಕಾಲ್ದಲ್ಲಿ ಗಿಡ ಚಿಕ್ಕದಿತ್ತು, ಗಿಡ ದೊಡ್ಡದಾದಾಗ ಮುಡಿಯೋ ಕಾಲ ಹೋಯ್ತು,” ಎಂದು ಅವಳು ಹೇಳುತ್ತಿದ್ದದ್ದು ರಾಗಿ ಮುಗ್ಗಿದ್ದನ್ನು ಹೇಳುವ ದನಿಯಲ್ಲಿ. ಆಮೇಲಿನ ನಲವತ್ತು ವರ್ಷ ಹಿತ್ತಲ ಹೂವೆಲ್ಲ ಅಂಗೈಯೊಳಗಿನ ಲಿಂಗಕ್ಕೆ. ಸೊಸೆ ಮುಡಿಯುವ ಹಾಗಿರಲಿಲ್ಲ, ಮಗಳು ಬಂದರೂ ಅಷ್ಟೇ. ಬೇಕಾದರೆ ಸಂತೆಯಲ್ಲಿ ಕೊಂಡು ಮುಡಿಯಬೇಕು.

ಮಳೆಗಾಲದಲ್ಲಿ ಯಾರು ಬೇಕಾದರೂ ಗಿಡ ಸಾಕುತ್ತಾರೆ. ಶಿವರಾತ್ರಿ ಕಳೆದು ಬಾವಿಯ ನೀರು ಇಳಿಯತೊಡಗಿತೆಂದರೆ ಗುರುಸಿದ್ದಮ್ಮನ ನಿಜವಾದ ಬೇಸಾಯ ಶುರು. ಕಾಡಿನ ಅಂಚಿನಿಂದ ತರಗು ಹೊತ್ತು ತಂದು ಬುಡಕ್ಕೆ ಗೇಣು ದಪ್ಪ ಹೊದಿಸುವಳು. ಕನಕಾಂಬರದ ಸಾಲಿಗೆ ಸೊಪ್ಪಿನ ನೆರಳು, ಸುಗಂಧರಾಜಕ್ಕೆ ಹಳೇ ಚಾಪೆಯ ನೆರಳು. ಬೆಳಗ್ಗೆ ನಲವತ್ತು ಕೊಡ, ಸಂಜೆ ಇಪ್ಪತ್ತು. ಸೇದುವವಳು ರುದ್ರಮ್ಮ, ಹೊಯ್ಯುವವಳು ಅತ್ತೆ. ಅವಳು ಕೊಡ ಬಗ್ಗಿಸಿ ಸುರಿಯುತ್ತಿರಲಿಲ್ಲ. ಅಂಗೈ ಅಡ್ಡ ಹಿಡಿದು, ಬೆರಳ ಸಂದಿಯಿಂದ ಸೋರಿಸುತ್ತಿದ್ದಳು. ಅಷ್ಟರಲ್ಲಿ ರುದ್ರಮ್ಮ ಇನ್ನೆರಡು ಕೊಡ ಸೇದಿಟ್ಟು ಸೊಂಟ ಹಿಡಿದು ನಿಂತಿರಬೇಕು. ಈ ನೀರನ್ನು ಗದ್ದೆಗೆ ಹೊಯ್ದಿದ್ದರೆ ಮನೆಗೆ ಒಂದು ಖಂಡುಗ ಭತ್ತವಾದರೂ ಬರುತ್ತಿತ್ತು ಎಂದು ಅವಳು ಒಮ್ಮೆ ಅಂದುಬಿಟ್ಟಿದ್ದಳು. ಭತ್ತ ತಿಂದವರು ಯಾರೂ ಉಳಿದಿಲ್ಲ, ಸೇದು ಎಂದಿದ್ದಳು ಅತ್ತೆ.

ಒಂದು ಬೇಸಗೆಯಲ್ಲಿ ಶನಿವಾರಸಂತೆಯ ಮುಸಾಫರಿ ಬಂಗಲೆಗೆ ಯಾವನೋ ದೊರೆ ಹೆಂಡತಿ ಸಮೇತ ಬಂದಿಳಿದಿದ್ದ. ದೊರೆಸಾನಿಯ ಊಟದ ಮೇಜಿಗೆ ಹೂವು ಬೇಕೆಂದು ಎದೆಗೆ ಬಿಲ್ಲೆಯ ಪಟ್ಟಿ, ಡವಾಲಿ, ತೊಟ್ಟ ಜವಾನನೊಬ್ಬ ಗುರುಸಿದ್ದಮ್ಮನ ಬಾಗಿಲಿಗೆ ಬಂದ, ಜೊತೆಗೆ ಬೆವರುತ್ತ ಪಟೇಲನೂ ಬಂದ. ದೇವರ ಹೂವನ್ನು ಮಾಂಸದ ತಟ್ಟೆಯ ಪಕ್ಕ ಇಡಲು ಕೊಡುವುದಿಲ್ಲ ಎಂದಳು ಮುದುಕಿ. ಪಟೇಲ ಕೈಮುಗಿದ. ಅವಳು ಸ್ವಲ್ಪ ಯೋಚನೆ ಮಾಡಿ, ಒಂದು ಗೌರಿಹೂವಿನ ಗಿಡವನ್ನೇ ಬೇರು ಸಮೇತ ಕಿತ್ತು ಒಡಕು ಮಡಕೆಯಲ್ಲಿಟ್ಟು ಕೊಟ್ಟಳು. ಹೂವು ಕೊಯ್ಯದೆ ನೋಡಿಕೊಳ್ಳಲಿ, ದಿನಾ ನೀರು ಹಾಕಲಿ, ಹೋಗುವಾಗ ಗಿಡ ವಾಪಸು ಕಳಿಸಲಿ ಎಂದು ಕಟ್ಟಪ್ಪಣೆ ಮಾಡಿದಳು. ದೊರೆಸಾನಿ ಹಾಗೇ ಮಾಡಿದಳಂತೆ. ನಾಲ್ಕನೆಯ ದಿನ ಗಿಡ ಡವಾಲಿ ಜವಾನನ ತಲೆ ಮೇಲೆ ಕೂತು ಮನೆಗೆ ಬಂತು. ಅಂದಿನಿಂದ ಅದಕ್ಕೆ ಬಂಗಲೆ ಗಿಡ ಎಂದೇ ಹೆಸರು. ಊರವರು ತಿಂಗಳುಗಟ್ಟಲೆ ನಕ್ಕರು. ಗುರುಸಿದ್ದಮ್ಮನಿಗೆ ಇದರಲ್ಲಿ ನಗುವಂಥದ್ದೇನು ಎಂಬುದು ಕಡೆಯವರೆಗೂ ತಿಳಿಯಲಿಲ್ಲ.

*

ಮುದುಕಿಗೆ ಸ್ನಾನ ಮಾಡಿಸಿ, ಮೈಗೆಲ್ಲ ವಿಭೂತಿ ಬಳಿದು, ಜಗಲಿಯ ಗೋಡೆಗೆ ಒರಗಿಸಿ ಪದ್ಮಾಸನದಲ್ಲಿ ಕೂರಿಸಿದರು. ಸಂತೆಯಿಂದ ಬಂದ ಕಾಕಡದ ಮಾಲೆ ಹಾಕಿದರು. ಬಿಸಿಲಲ್ಲಿ ಬುಟ್ಟಿಯಲ್ಲೇ ಬಾಡಿದ್ದ ಹೂವು. ಯಾರೋ ನೀರು ಚಿಮುಕಿಸಿದರು. ಸಮಾಧಿಯ ಕ್ರಿಯೆ ಮಾಡಿಸಲು ಬಂದ ಅಯ್ಯನವರು ಶಂಖ ಊದುವವನನ್ನು ಕಾಯುತ್ತ ಕಂಬಕ್ಕೆ ಒರಗಿ ಕೂತಿದ್ದರು.

ಸತ್ತವಳ ತಮ್ಮ ಶಿವಶಂಕರಪ್ಪ ಸೋಮವಾರಪೇಟೆಯಿಂದ ಬಂದಿದ್ದ. ಅವನಿಗೂ ಅರವತ್ತು ದಾಟಿತ್ತು. ಸಮಾಧಿಯ ಗುಂಡಿ ಸತ್ತವರ ಪಾದದ ಅಳತೆಯಲ್ಲಿಯೇ ಒಂಬತ್ತು ಪಾದ ಆಗಬೇಕಾದ್ದರಿಂದ ಬೆಳಗ್ಗೆಯೇ ನೂಲು ಹಿಡಿದು ಅಕ್ಕನ ಪಾದ ಅಳೆದು ಕೊಟ್ಟಿದ್ದ. ಅಳೆದಾಗ ನೂಲು ತೀರ ಗಿಡ್ಡ ಬಂತು. ನಮ್ಮಕ್ಕನ ಪಾದ ಮದುವೆಯಾದ ಮೇಲೆ ಬೆಳೆಯಲೇ ಇಲ್ಲ ಎಂದು ಬಂದವರಿಗೆಲ್ಲ ಹೇಳಿಕೊಂಡು ಕೂತಿದ್ದ. ಮಧ್ಯೆ ಮಧ್ಯೆ ಮಳೆಯ ಮಾತು. ಕಾಫಿ ತೋಟದವರು ಹೂಮಳೆಗೆ ಬಾಯಿ ಬಿಟ್ಟುಕೊಂಡು ಕೂತಿದ್ದಾರೆ, ಇನ್ನೊಂದು ವಾರ ಬಾರದಿದ್ದರೆ ಈ ವರ್ಷದ ಕಾಫಿಗೆ ಗೋವಿಂದ ಎಂದ.

ಹೊಲದ ಬದಿಯಲ್ಲಿ, ಗುರುಸಿದ್ದಮ್ಮನ ಗಂಡನ ಗದ್ದಿಗೆಯ ಪಕ್ಕಕ್ಕೆ, ಆಳುಗಳಾದ ಜವರ ಮತ್ತು ಮಾರ ಬೆಳಗ್ಗಿನಿಂದ ಗುಂಡಿ ತೋಡುತ್ತಿದ್ದರು. ಮಟಮಟ ಮಧ್ಯಾಹ್ನಕ್ಕೆ ಜವರ ಬಂದು ಅಂಗಳದ ಕೆಳಗೆ ನಿಂತ. ಅವನ ಅಂಗೈ ಬೊಬ್ಬೆಯೆದ್ದು ಒಡೆದಿತ್ತು.

“ಆಗಾಕಿಲ್ಲ ಬುದ್ಧಿ,” ಎಂದ ಚನ್ನಮಲ್ಲಪ್ಪನಿಗೆ. “ಮೊಣಕಾಲುದ್ದಕ್ಕೇ ಬಂಡೆ ಸಿಕ್ತು. ಪಕ್ಕಕ್ಕೆ ಸರಿದು ನೋಡಿದ್ವಿ, ಅಲ್ಲೂ ಅದೇಯ. ಹೊತ್ತು ಮುಳುಗಿದ್ರೂ ಅವ್ವೋರ್ನ ಕೂರ್ಸೋ ಗೂಡು ತೆಗಿಯಾಕಾಗಲ್ಲ.”

ಜಗಲಿಯ ಮೇಲೆ ಚರ್ಚೆ ಶುರುವಾಯಿತು. ಕೆರೆ ಹಿಂದಿನ ಜಾಗ ಎಂದರು ಒಬ್ಬರು, ಅದು ಬೇರೆಯವರದ್ದು ಎಂದರು ಇನ್ನೊಬ್ಬರು. ಈ ಸೆಕೆಗೆ ದೇಹ ನಾಳೆವರೆಗೆ ಇಡುವಂತಿಲ್ಲ. ಒಳಗೆ ಹೆಂಗಸರ ಮಧ್ಯೆ ಕೂತಿದ್ದ ವಿಶಾಲಾಕ್ಷಮ್ಮ ಎದ್ದು ಹೊಸ್ತಿಲಿಗೆ ಬಂದಳು.

“ಅವ್ವನ ಹೂವಿನ ಗಿಡದ ಜಾಗ ಇಲ್ವಾ? ಐವತ್ತೈದು ವರ್ಷ ನೀರು ಕುಡಿದ ಮಣ್ಣು ಅದು, ಬೆಣ್ಣೆ ಇದ್ದಂಗಿದೆ. ಎರಡು ಗಳಿಗೇಲಿ ತೋಡಬಹುದು. ಅವಳಿಗೆ ಅದಕ್ಕಿಂತ ಬೇರೆ ಕೈಲಾಸ ಯಾವುದು?”

ಎಲ್ಲರೂ ತಲೆದೂಗಿದರು. ಇಷ್ಟು ಹೊತ್ತು ತಮಗೆ ಯಾಕೆ ಹೊಳೆಯಲಿಲ್ಲ ಎಂದು ಶಿವಶಂಕರಪ್ಪ ಹಣೆ ಚಚ್ಚಿಕೊಂಡ. ರುದ್ರಮ್ಮ ಮನೆಯ ಹಿಂದೆಯೇ ಸಮಾಧಿ ಬೇಡ ಎಂದು ಏನೋ ತೊದಲಿದಳು. ಮಹಾದೇವಮ್ಮ ಅದನ್ನೇ ಹಿಡಿದು, ಬಾವಿ ಹತ್ತಿರ, ಸೂತಕ ಗೀತಕ ಎಂದು ನಾಲ್ಕು ಮಾತು ಸೇರಿಸಿದಳು. ಅಯ್ಯನವರು ಕಂಬ ಬಿಟ್ಟು ನೆಟ್ಟಗೆ ಕೂತರು. ಲಿಂಗ ಕಟ್ಟಿದವರಿಗೆ ಎಲ್ಲಿಯ ಸೂತಕ, ಶರಣೆಯ ಸಮಾಧಿ ಹೂವಿನ ನಡುವೆ ಇದ್ದರೆ ಅದಕ್ಕಿಂತ ಶುದ್ಧ ಜಾಗ ಇನ್ನೊಂದಿಲ್ಲ ಎಂದುಬಿಟ್ಟರು. ಮಾತು ಅಲ್ಲಿಗೆ ಮುಗಿಯಿತು. ಜವರ ಹಾರೆ ಗುದ್ದಲಿ ತರಲು ಹೊಲದ ಕಡೆ ಓಡಿದ.

*

ಚೈತ್ರ ಹುಟ್ಟಿದ ಮೂರನೆಯ ದಿನ ಅತ್ತೆ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು, ಮತ್ತೆ ಏಳಲಿಲ್ಲ. ಅದೇ ಹೊತ್ತಿಗೆ ಬಾವಿಯೂ ತಳ ಕಂಡಿತ್ತು. ರಾತ್ರಿಯೆಲ್ಲ ಊರಿ ಬೆಳಗಾಗುವಷ್ಟರಲ್ಲಿ ಹತ್ತು ಹನ್ನೆರಡು ಕೊಡ ನೀರು ಸಿಗುತ್ತಿತ್ತು. ಅಷ್ಟೇ, ಮಾರನೆಯ ಬೆಳಗಿನವರೆಗೆ ಮತ್ತೆ ಕೆಸರು. ಕುಡಿಯಲು ಎರಡು ಕೊಡ ಮಹಾದೇವಮ್ಮನ ಮನೆಯಿಂದ ತರುತ್ತಿದ್ದಳು, ಅದಕ್ಕಿಂತ ಹೆಚ್ಚು ಕೇಳಲು ಬಾಯಿ ಬರುತ್ತಿರಲಿಲ್ಲ. ಬೇಸಗೆಯಲ್ಲಿ ಯಾರ ಬಾವಿಯೂ ಯಾರಿಗೂ ಹೆಚ್ಚಾಗಿರುವುದಿಲ್ಲ.

ಮಲಗಿದಲ್ಲೇ ಎಲ್ಲವೂ ಆಗುವ ಮುದುಕಿ. ದಿನಕ್ಕೆ ಮೂರು ಸಲ ಬಟ್ಟೆ ಬದಲಿಸಬೇಕು, ಒಗೆಯಬೇಕು, ಬೆನ್ನು ಹುಣ್ಣಾಗದಂತೆ ಬಿಸಿನೀರಿನಲ್ಲಿ ಒರೆಸಬೇಕು. ಹನ್ನೆರಡು ಕೊಡ ಅದಕ್ಕೇ ಸರಿಹೋಗುತ್ತಿತ್ತು. ಮೊದಲ ದಿನ ಬೆಳಗ್ಗೆ ಕಣ್ಣು ಬಿಟ್ಟವಳೇ ಗುರುಸಿದ್ದಮ್ಮ ಗಿಡಕ್ಕೆ ನೀರಾಯಿತೇ ಎಂದು ಕೇಳಿದಳು. ರುದ್ರಮ್ಮನ ಕೈಯಲ್ಲಿ ಹಿಂಡಿದ ಬಟ್ಟೆಯಿತ್ತು. ಆಯಿತು ಎಂದಳು. ನಾಳೆ ಹಾಕಿದರಾಯಿತು ಎಂದುಕೊಂಡಳು. ನಾಳೆಯೂ ಹನ್ನೆರಡೇ ಕೊಡ.

ನಿಜ ಹೇಳಿದ್ದರೆ ಏನಾಗುತ್ತಿತ್ತೆಂದು ಅವಳಿಗೆ ಗೊತ್ತಿತ್ತು. ನನ್ನ ಬಟ್ಟೆ ಹಾಗೇ ಇರಲಿ, ಗಿಡಕ್ಕೆ ಹೊಯ್ಯಿ ಎನ್ನುತ್ತಿದ್ದಳು ಮುದುಕಿ. ಎಂದದ್ದನ್ನು ಮಾಡಿಸಿಯೇ ತೀರುವವಳು. ಹಾಗಾಗಿ ಸುಳ್ಳೇ ವಾಸಿಯೆನಿಸಿತು. ಆದರೆ ರುದ್ರಮ್ಮನನ್ನು ತಿನ್ನುತ್ತಿದ್ದದ್ದು ಸುಳ್ಳಲ್ಲ. ಕನಕಾಂಬರದ ಎಲೆ ಮುದುರಿದ ದಿನ, ಮಲ್ಲಿಗೆ ಕೆಂಪಾದ ದಿನ, ಬಾಗಿಲಲ್ಲಿ ನಿಂತು ನೋಡಿ, ಗಿಡಗಳಿಗೆ ‘ಅನುಭವಿಸಿ’ ಎಂದು ಒಳಗೊಳಗೇ ಒಂದಿಷ್ಟು ಹಿಗ್ಗಿದ್ದಳಲ್ಲ, ಅದು. ಇಪ್ಪತ್ತೆರಡು ವರ್ಷ ಸೇದಿದ ಕೈಯ ಹಿಗ್ಗು.

ಪೂಜೆಯ ಹೂವಿಗೆ ಮಹಾದೇವಮ್ಮನ ಬೇಲಿಯಿತ್ತು. ದಾಸವಾಳ, ಕಣಗಿಲೆ, ನಾಲ್ಕೆಂಟು ನಂದಿಬಟ್ಟಲು. ತಟ್ಟೆಯಲ್ಲಿಟ್ಟು ಅತ್ತೆಯ ಎದೆಯ ಮೇಲಿಟ್ಟರೆ ಮಲಗಿದಲ್ಲೇ ಒಂದೊಂದಾಗಿ ಲಿಂಗಕ್ಕೆ ಏರಿಸುತ್ತಿದ್ದಳು. ಕಣಗಿಲೆಯ ಬಣ್ಣ ಯಾಕೋ ತೆಳುವಾಗಿದೆ ಎಂದಳು ಒಂದು ದಿನ. ಬಿಸಿಲು ಅತ್ತೆ ಎಂದಳು ರುದ್ರಮ್ಮ. ಮುದುಕಿ ಹೂವನ್ನು ಬೆರಳಲ್ಲಿ ತಿರುಗಿಸುತ್ತ ಬಹಳ ಹೊತ್ತು ನೋಡಿದಳು. ಕಡೆಯ ಮೂರು ದಿನ ನೀರಿನ ಮಾತೇ ಎತ್ತಲಿಲ್ಲ. ಪ್ರಾಣ ಸೋತದ್ದಕ್ಕೋ, ತಿಳಿದುಹೋದದ್ದಕ್ಕೋ.

*

ಒನಕೆಯನ್ನು ರುದ್ರಮ್ಮನೇ ತೆಗೆದಳು. ಬೇರೆಯವರು ತೆಗೆದರೆ ಇನ್ನೂ ಕೆಟ್ಟದಾಗಿರುತ್ತದೆ ಎನಿಸಿತು. ಬಾಗಿಲು ತೆರೆದು ಪಕ್ಕಕ್ಕೆ ನಿಂತಳು. ಚನ್ನಮಲ್ಲಪ್ಪ, ವಿಶಾಲಾಕ್ಷಮ್ಮ, ಅವರ ಹಿಂದೆ ಜವರ, ಮಾರ ಹೊರಗೆ ಹೋದರು.

ಮಲ್ಲಿಗೆ ಬಳ್ಳಿ ಚಪ್ಪರದ ಮೇಲೆ ಹಳೇ ಹಗ್ಗದ ಹಾಗೆ ಬಿದ್ದಿತ್ತು. ಕನಕಾಂಬರದ ಸಾಲಿನಲ್ಲಿ ಬರಿಯ ಕಡ್ಡಿಗಳಿದ್ದವು. ನೆಲ ಬಿರಿದು ಬೆರಳು ತೂರುವಷ್ಟು ಅಗಲಕ್ಕೆ ಬಾಯಿ ಬಿಟ್ಟಿತ್ತು. ಹಸಿರಾಗಿದ್ದದ್ದು ಮೂಲೆಯ ಪತ್ರೆ ಮರ ಒಂದೇ. ಜವರನಿಗೆ ಇದೊಂದೂ ಗೊತ್ತಿಲ್ಲ; ಅವನು ನೂಲು ಹಿಡಿದು ಜಾಗ ಗುರುತು ಮಾಡಿ ಹಾರೆ ಎತ್ತಿ ಕುಕ್ಕಿದ. ಹಾರೆ ಟಣ್ ಎಂದು ಹಿಂದಕ್ಕೆ ಪುಟಿಯಿತು.

ಚನ್ನಮಲ್ಲಪ್ಪ ಹೆಂಡತಿಯ ಕಡೆ ತಿರುಗಿದ. ಆದರೆ ರುದ್ರಮ್ಮ ಹೇಳಿದ್ದು ವಿಶಾಲಾಕ್ಷಮ್ಮನಿಗೆ.

“ನಾನು ನೀರು ಹಾಕಿಲ್ಲ ಅಕ್ಕ. ಅತ್ತೆ ಬಿದ್ದ ದಿನದಿಂದ ಒಂದು ತಂಬಿಗೆ ಹಾಕಿಲ್ಲ. ಹಾಕ್ದೆ ಅಂತ ದಿನಾ ಸುಳ್ಳು ಹೇಳ್ದೆ.”

“ಮತ್ತೆ ಪೂಜೆಗೆ ಹೂವು?”

“ಮಹಾದೇವಮ್ಮನ ಬೇಲೀದು.”

“ಅವ್ವನಿಗೆ ಗೊತ್ತಾಯ್ತಾ?”

“ಅದೇ ನನಗೂ ಗೊತ್ತಿಲ್ಲ. ಕಡೇ ಮೂರು ದಿನ ಕೇಳಲಿಲ್ಲ.” ರುದ್ರಮ್ಮನಿಗೆ ಬೆಳಗಿನಿಂದ ಬಾರದ ಅಳು ಈಗ ಬಂತು. ಸೆರಗು ಬಾಯಿಗೊತ್ತಿ ನಿಂತಲ್ಲೇ ಅತ್ತಳು.

ವಿಶಾಲಾಕ್ಷಮ್ಮ ಬಾಯಿ ತೆರೆದಳು. ಏನು ಹೇಳಬೇಕೆಂದಿದ್ದಳೋ, ಅಷ್ಟರಲ್ಲಿ ಅವಳ ಕಣ್ಣು ಬಾವಿಕಟ್ಟೆಯಿಂದ ಪತ್ರೆ ಮರದವರೆಗೆ ಕಟ್ಟಿದ್ದ ಹಗ್ಗದ ಮೇಲೆ ಹೋಯಿತು. ಹಗ್ಗದ ತುಂಬ ತಾಯಿಯ ಹಳೇ ಸೀರೆಯ ಹರಕುಗಳು. ಒಗೆದೊಗೆದು ಬಣ್ಣ ಹೋದ ಹರಕುಗಳು ಹತ್ತಿಪ್ಪತ್ತು. ಒಂದರಲ್ಲೂ ಕಲೆಯಿರಲಿಲ್ಲ. ಅವಳು ಹಗ್ಗದ ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ತಾಯಿ ಬಿದ್ದ ಸುದ್ದಿ ತಿಳಿದ ಮೇಲೆ ಅವಳು ಬಂದದ್ದು ಒಂದೇ ಸಲ, ಅದೂ ಒಂದು ಮಧ್ಯಾಹ್ನದ ಮಟ್ಟಿಗೆ. ನಾಲಿಗೆಗೆ ಎಲುಬಿಲ್ಲದ ಹೆಂಗಸು ಬಾಯಿ ಮುಚ್ಚಿಕೊಂಡಳು.

ಜವರ ಇಬ್ಬರ ಮುಖವನ್ನೂ ನೋಡಿದ. “ಮ್ಯಾಲೊಂದು ಮೊಳ ಗಟ್ಟಿ ಕಟ್ಕಂಡದೆ ಅಷ್ಟೇ ಕಣವ್ವ. ಕೆಳಗೆ ಮೆತ್ತಗಿರ್ತದೆ. ಹತ್ತು ಕೊಡ ನೀರು ಬಿಟ್ಟು ನೆನೆಸಿದ್ರೆ ಅಗೀಬೌದು.”

ನೀರು ಎಲ್ಲಿದೆ ಎಂದ ಚನ್ನಮಲ್ಲಪ್ಪ. ರುದ್ರಮ್ಮ ಬಾವಿಕಟ್ಟೆಗೆ ಹೋಗಿ ಬಗ್ಗಿ ನೋಡಿದಳು. ರಾತ್ರಿಯೆಲ್ಲ ಊರಿದ ನೀರು ತಳದಲ್ಲಿ ಹಾಗೇ ನಿಂತಿತ್ತು. ಇವತ್ತು ಒಗೆಯುವುದು ಏನೂ ಇರಲಿಲ್ಲ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗ ಹಿಡಿದಳು. ಮೊದಲ ಕೊಡ ಮೇಲೆ ಬಂದಾಗ ಅದನ್ನು ಎತ್ತಿಕೊಳ್ಳಲು ಮುಂದೆ ಬಂದದ್ದು ವಿಶಾಲಾಕ್ಷಮ್ಮ. ಗುರುತು ಹಾಕಿದ ಜಾಗಕ್ಕೆ ಒಯ್ದು ದಡದಡ ಸುರಿದಳು. ನೀರು ಬಿರುಕಿನೊಳಕ್ಕೆ ಗುಳುಗುಳು ಇಳಿದು ಮಾಯವಾಯಿತು. ಎರಡನೆಯದೂ ಹಾಗೇ. ಹಾಗಲ್ಲ ಅಕ್ಕ, ಅಂಗೈ ಅಡ್ಡ ಹಿಡಿದು ಹರಡಿ ಹೊಯ್ಯಿರಿ ಎಂದಳು ರುದ್ರಮ್ಮ, ಸೇದುತ್ತಲೇ. ನಾಲ್ಕು, ಐದು. ಬಿರುಕುಗಳು ತುಂಬುತ್ತ ಬಂದವು, ಮಣ್ಣು ಕಪ್ಪಾಯಿತು. ಜವರ ಹಾರೆಯ ತುದಿಯಿಂದ ಒತ್ತಿ ನೋಡಿ, ಇನ್ನೂ ಬೇಕು ಎಂದು ಸನ್ನೆ ಮಾಡಿದ.

ಹಿತ್ತಲ ಬಾಗಿಲೂ ತೆರೆದಿತ್ತು, ಮುಂಬಾಗಿಲೂ ತೆರೆದಿತ್ತು. ಗಾಳಿ ನೆನೆದ ಮಣ್ಣಿನ ವಾಸನೆ ಹೊತ್ತು ಮನೆಯ ಉದ್ದಕ್ಕೂ ಹಾದು ಹೋಗುತ್ತಿತ್ತು. ರುದ್ರಮ್ಮ ಬೆನ್ನು ನೆಟ್ಟಗೆ ಮಾಡಿ ಆ ಕಡೆ ನೋಡಿದಳು. ಜಗಲಿಯಲ್ಲಿ ಮಾತು ನಿಂತಿತ್ತು. ಶಿವಶಂಕರಪ್ಪ ಮೂಗರಳಿಸಿ ಎದ್ದು ನಿಂತಿದ್ದ. ಎಲ್ಲೋ ಮಳೆ ಬಿತ್ತು ಎಂದು ಅವನು ಹೇಳುವುದು ಕೇಳಿಸಿತು. ಕೂತವರು ಒಬ್ಬೊಬ್ಬರಾಗಿ ಎದ್ದು, ಗೋಡೆಗೊರಗಿ ಕೂತ ಗುರುಸಿದ್ದಮ್ಮನನ್ನು ದಾಟಿ ಮುಂದೆ ಹೋಗಿ, ಸೂರಿನ ಹೊರಗೆ ಅಂಗೈ ಚಾಚಿ ನೋಡತೊಡಗಿದರು. ಅಂಗೈಗಳ ಮೇಲೆ ಬರಿಯ ಬಿಸಿಲಿತ್ತು. ರುದ್ರಮ್ಮ ಕೊಡವನ್ನು ಮತ್ತೆ ಬಾವಿಗೆ ಇಳಿಸಿದಳು.